ಸಂವಾದವೆಂದು ಕರೆದ ಮೇಲೆ ಉತ್ತರವನ್ನೂ ಕೊಡಿ

ಬ್ಲಾಗ್ ಬರೆಯುವ, ಪಾಡ್‌ಕಾಸ್ಟ್ ನಡೆಸುವ, ಇಲ್ಲವೇ ಇನ್ನೊಬ್ಬರ ಪಾಡ್‌ಕಾಸ್ಟಿನಲ್ಲಿ ಅತಿಥಿಯಾಗಿ ಕೂರುವ ಎಲ್ಲ ಜನಪ್ರತಿನಿಧಿಗಳಿಗೆ ಮತ್ತು ಅಭ್ಯರ್ಥಿಗಳಿಗೆ,

ಮಾನ್ಯರೇ,

ನಾನು ಕೆಲವು ವರ್ಷ ಒಬ್ಬ ಜನಪ್ರತಿನಿಧಿಯ ಕಚೇರಿಯಲ್ಲಿ ಅವರ ಬ್ಲಾಗನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೆ. ಅವರು ಓಡಾಟದ ನಡುವೆ ಹೇಳಿದ ನಾಲ್ಕು ಮಾತನ್ನು ಹಿಡಿದು ಲೇಖನ ಮಾಡುವುದು, ಅದನ್ನು ಅವರ ಹೆಸರಿನಲ್ಲಿ ಪ್ರಕಟಿಸುವುದು, ಕೆಳಗೆ ಬಂದ ಪ್ರತಿಕ್ರಿಯೆಗಳನ್ನು ಓದಿ ಯಾವುದು ಹೊರಗೆ ಕಾಣಬೇಕು, ಯಾವುದು ಕಾಣಬಾರದು ಎಂದು ಬೇರ್ಪಡಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಬ್ಲಾಗಿನ ತಲೆಬರಹದ ಕೆಳಗೆ ‘ಬನ್ನಿ, ಮಾತಾಡೋಣ’ ಎಂಬ ಸಾಲಿತ್ತು. ಅದನ್ನು ಬರೆದವಳೂ ನಾನೇ.

ಒಂದು ಸಲ ನಮ್ಮ ಪ್ರತಿನಿಧಿಗಳು ಒಂದು ಮಸೂದೆಯನ್ನು ಬ್ಲಾಗಿನಲ್ಲಿ ವಿರೋಧಿಸಿ ಬರೆದರು. ಮೂರು ತಿಂಗಳ ಬಳಿಕ ಸದನದಲ್ಲಿ ಅದೇ ಮಸೂದೆಯ ಪರವಾಗಿ ಮತ ಹಾಕಿದರು. ಮತದಾರರಾದ ಒಬ್ಬ ಮಹಿಳೆ, ತಮ್ಮ ಹೆಸರಿನ ಜೊತೆಗೆ ಮತಗಟ್ಟೆಯ ಸಂಖ್ಯೆಯನ್ನೂ ನಮೂದಿಸಿ, ‘ಅಭಿಪ್ರಾಯ ಬದಲಾದರೆ ತಪ್ಪೇನಿಲ್ಲ, ಯಾಕೆ ಬದಲಾಯಿತು ಎಂದು ತಿಳಿಸಿ’ ಎಂದು ಕೇಳಿದರು. ಅದರಲ್ಲಿ ಬೈಗುಳವಿರಲಿಲ್ಲ, ಕುಹಕವಿರಲಿಲ್ಲ. ನಾನು ಅದನ್ನು ಮೇಲಿನವರಿಗೆ ತೋರಿಸಿದೆ. ಅಳಿಸುವುದೂ ಬೇಡ, ಪ್ರಕಟಿಸುವುದೂ ಬೇಡ, ಇದ್ದಲ್ಲೇ ಇರಲಿ ಎಂಬ ಸೂಚನೆ ಬಂತು. ಹೀಗೆ ತಡೆಹಿಡಿದ ಪ್ರತಿಕ್ರಿಯೆ ನಮ್ಮ ಬ್ಲಾಗಿನಲ್ಲಿ ಬರೆದವರ ಪರದೆಯ ಮೇಲೆ ಮಾತ್ರ ‘ಅನುಮೋದನೆಗೆ ಕಾಯುತ್ತಿದೆ’ ಎಂಬ ಒಕ್ಕಣೆಯೊಡನೆ ಕಾಣಿಸುತ್ತಿತ್ತು. ಉಳಿದವರ ಪಾಲಿಗೆ ಅದು ಇಲ್ಲವೇ ಇಲ್ಲ. ಆಕೆ ಮುಂದಿನ ಲೇಖನದ ಕೆಳಗೂ ಅದನ್ನೇ ಕೇಳಿದರು, ಅದರ ಮುಂದಿನದರ ಕೆಳಗೂ ಕೇಳಿದರು. ಐದನೆಯ ಸಲ ಕೇಳಿ ಸುಮ್ಮನಾದರು. ನಾನು ಕೆಲಸ ಬಿಟ್ಟ ದಿನ ಆ ಐದೂ ಪ್ರಶ್ನೆಗಳು ಅನುಮೋದನೆಯ ಸರದಿಯಲ್ಲಿ ಹಾಗೆಯೇ ಇದ್ದವು. ಆ ಸೂಚನೆಯನ್ನು ನಾನು ಪಾಲಿಸಬಾರದಿತ್ತು. ಈ ಪತ್ರ ಬರೆಯುವುದಕ್ಕೆ ಅದೇ ಮೊದಲ ಕಾರಣ.

ಎರಡನೆಯ ಕಾರಣ, ಕಳೆದ ಇಪ್ಪತ್ತು ವರ್ಷಗಳಲ್ಲಿ ನೀವು ಮತದಾರರೊಡನೆ ಮಾತಾಡುವ ದಾರಿ ಯಾವ ಕಡೆಗೆ ತಿರುಗಿದೆ ಎಂಬುದನ್ನು ಹತ್ತಿರದಿಂದ ನೋಡಿದ್ದು. ಬ್ಲಾಗಿನಲ್ಲಿ ಲೇಖನದ ಕೆಳಗೆ ಒಂದು ಖಾಲಿ ಚೌಕವಿರುತ್ತಿತ್ತು, ಓದಿದವರು ಅಲ್ಲಿಯೇ ಮರುಮಾತಾಡಬಹುದಿತ್ತು; ಅದನ್ನು ಮುಚ್ಚಬೇಕಾದರೆ ನೀವು ಮುಚ್ಚಬೇಕಿತ್ತು, ಮುಚ್ಚಿದರೆ ಮುಚ್ಚಿದ್ದು ಎಲ್ಲರಿಗೂ ಕಾಣುತ್ತಿತ್ತು. ಪಾಡ್‌ಕಾಸ್ಟ್ ಹಾಗಲ್ಲ. ಅದು ಧ್ವನಿಯ ಕಡತವೊಂದನ್ನು ಆರ್‌ಎಸ್‌ಎಸ್ (ರಿಯಲಿ ಸಿಂಪಲ್ ಸಿಂಡಿಕೇಷನ್) ಎಂಬ ಮುಕ್ತ ತಾಂತ್ರಿಕ ಏರ್ಪಾಟಿನ ಮೂಲಕ ಚಂದಾದಾರರ ಸಾಧನಗಳಿಗೆ ತಲುಪಿಸುವ ವಿಧಾನ. ಕೇಳುಗರ ಮಾತನ್ನು ಹಿಂದಕ್ಕೆ ತರುವ ಏರ್ಪಾಟು ಅದರ ಮೂಲ ರಚನೆಯಲ್ಲಿ ಇಲ್ಲ. ಇದು ತಂತ್ರಜ್ಞಾನದ ದೋಷವಲ್ಲ. ಆದರೆ ಮರುಮಾತಿಗೆ ಜಾಗವಿದ್ದ ಮಾಧ್ಯಮವನ್ನು ಬಿಟ್ಟು ಜಾಗವೇ ಇಲ್ಲದ ಮಾಧ್ಯಮಕ್ಕೆ ನೀವು ಬರುತ್ತಿರುವಾಗ, ‘ಸಂವಾದ’ ಎಂಬ ಪದವನ್ನು ಮೊದಲಿಗಿಂತ ಹೆಚ್ಚು ಸಲ ಬಳಸುತ್ತಿದ್ದೀರಿ ಎಂಬುದು ನನ್ನನ್ನು ಕಾಡುತ್ತದೆ.

ಕಿವಿಗೆ ನೇರವಾಗಿ ತಲುಪುವ ಧ್ವನಿಯ ಬಲ ನನಗೆ ಗೊತ್ತಿಲ್ಲದ್ದಲ್ಲ. 1933ರ ಮಾರ್ಚ್ 12ರ ರಾತ್ರಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ರೇಡಿಯೋದಲ್ಲಿ ಮಾತಾಡಿ, ದೇಶದ ಬ್ಯಾಂಕುಗಳನ್ನು ಯಾಕೆ ಮುಚ್ಚಲಾಗಿದೆ, ಜನರು ಇಟ್ಟ ಹಣ ಎಲ್ಲಿರುತ್ತದೆ, ಬ್ಯಾಂಕುಗಳು ಯಾವ ಕ್ರಮದಲ್ಲಿ ಮತ್ತೆ ತೆರೆಯುತ್ತವೆ ಎಂಬುದನ್ನು ಸರಳವಾಗಿ ವಿವರಿಸಿದರು. ಬ್ಯಾಂಕುಗಳು ತೆರೆದಾಗ ಜನರು ಹಣ ಹಿಂದೆಗೆಯಲು ಮುಗಿಬೀಳುವ ಬದಲು ಮತ್ತೆ ಠೇವಣಿ ಇಡಲು ಬಂದರು. ಆ ಭಾಷಣಗಳಿಗೆ ಉತ್ತರವಾಗಿ ಜನರು ಬರೆದ ಪತ್ರಗಳು ರಾಶಿ ರಾಶಿಯಾಗಿ ಶ್ವೇತಭವನಕ್ಕೆ ಬಂದವು, ಅವನ್ನು ಓದುವವರನ್ನು ನೇಮಿಸಲಾಯಿತು. ರೇಡಿಯೋ ಒಮ್ಮುಖದ ಮಾಧ್ಯಮವಾಗಿದ್ದರೂ ಅಂಚೆ ಅದರ ಇನ್ನೊಂದು ಮುಖವಾಯಿತು. ಮಾಧ್ಯಮಕ್ಕೆ ಬಾಯಿ ಮಾತ್ರ ಇದ್ದಾಗ ಆಳುವವರು ಕಿವಿಯನ್ನು ತಾವೇ ಬೇರೆ ಕಡೆ ಒದಗಿಸಬೇಕು ಎಂಬುದನ್ನು ನಾನು ಅಲ್ಲಿಂದ ತಿಳಿದುಕೊಂಡೆ.

ಬ್ಲಾಗುಗಳ ಕಾಲದಲ್ಲಿ ಆ ಕಿವಿ ತಾನಾಗಿಯೇ ಒದಗಿತ್ತು. 2003ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಯ ಉಮೇದುವಾರಿಕೆಗೆ ಹೊರಟಿದ್ದ ಹೊವರ್ಡ್ ಡೀನ್ ಅವರ ಪ್ರಚಾರ ತಂಡ ‘ಬ್ಲಾಗ್ ಫಾರ್ ಅಮೆರಿಕ’ ಎಂಬ ಬ್ಲಾಗನ್ನು ನಡೆಸಿತು. ಬೆಂಬಲಿಗರು ಅದರ ಕೆಳಗೆ ಬರೆಯುತ್ತಿದ್ದರು, ತಂಡದವರು ಓದುತ್ತಿದ್ದರು, ಅಲ್ಲಿ ಬಂದ ಸಲಹೆಗಳಲ್ಲಿ ಕೆಲವು ಪ್ರಚಾರದಲ್ಲಿ ಬಳಕೆಗೂ ಬಂದವು. ಅದೇ ವರ್ಷದ ನವೆಂಬರಿನಲ್ಲಿ, ಪ್ರಚಾರಕ್ಕೆ ಸರ್ಕಾರ ಕೊಡುವ ಸಾರ್ವಜನಿಕ ನಿಧಿಯ ನೆರವನ್ನೂ ಅದರ ಜೊತೆಗೆ ಬರುವ ವೆಚ್ಚದ ಮಿತಿಯನ್ನೂ ಒಪ್ಪಿಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಡೀನ್ ತಮ್ಮ ಬೆಂಬಲಿಗರ ಮುಂದಿಟ್ಟು ಅವರಿಂದ ಮತ ಪಡೆದರು. ಬಹುಪಾಲು ಜನ ಬೇಡವೆಂದರು, ಅದರಂತೆಯೇ ನಡೆದರು. 2004ರ ಜನವರಿಯಲ್ಲಿ ಅಯೋವ ರಾಜ್ಯದಲ್ಲಿ ನಡೆದ ಪಕ್ಷದ ಒಳಮತದಾನದಲ್ಲಿ ಅವರು ಮೂರನೆಯ ಸ್ಥಾನಕ್ಕೆ ಇಳಿದರು, ಉಮೇದುವಾರಿಕೆ ಕೈತಪ್ಪಿತು. ಸೋತ ಪ್ರಚಾರವೆಂದು ಅದನ್ನು ಮರೆತುಬಿಡುವುದು ಸುಲಭ. ನನಗೆ ಅದು ಬೇರೆ ಕಾರಣಕ್ಕೆ ಮುಖ್ಯ: ಕೆಳಗಿನಿಂದ ಬಂದ ಮಾತಿಗೆ ಮೇಲಿನ ಒಂದು ನಿರ್ಧಾರವನ್ನು ಕೈಗೊಳ್ಳುವ ಅಧಿಕಾರ ಅಲ್ಲಿ ಒಮ್ಮೆಯಾದರೂ ದೊರೆಯಿತು.

‘ಪಾಡ್‌ಕಾಸ್ಟಿಂಗ್’ ಎಂಬ ಪದ 2004ರಲ್ಲಿ ಮೊದಲು ಅಚ್ಚಾಯಿತು. ಎರಡೇ ವರ್ಷಗಳಲ್ಲಿ, 2006ರ ಜೂನ್‌ನಲ್ಲಿ, ಜರ್ಮನಿಯ ಚಾನ್ಸಲರ್ ಆಂಗೆಲಾ ಮರ್ಕೆಲ್ ವಾರಕ್ಕೊಂದು ವಿಡಿಯೋ ಪಾಡ್‌ಕಾಸ್ಟ್ ಆರಂಭಿಸಿದರು. 2021ರಲ್ಲಿ ಅಧಿಕಾರ ಬಿಡುವವರೆಗೂ ಅದನ್ನು ನಡೆಸಿಕೊಂಡು ಬಂದರು. ಒಬ್ಬ ಆಡಳಿತಗಾರ್ತಿ ಸುಮಾರು ಹದಿನೈದು ವರ್ಷ ಹೀಗೆ ತಮ್ಮ ಕೆಲಸದ ಬಗ್ಗೆ ಜನರಿಗೆ ತಿಳಿಸುವುದು ಸಣ್ಣ ಮಾತಲ್ಲ. ಭಾರತದ ಪ್ರಧಾನಿ ನರೇಂದ್ರ ಮೋದಿ 2014ರ ಅಕ್ಟೋಬರ್ 3ರಂದು ಆರಂಭಿಸಿದ ‘ಮನ್ ಕಿ ಬಾತ್’ ರೇಡಿಯೋ ಕಾರ್ಯಕ್ರಮದಲ್ಲಿ ಕೇಳುಗರು ಕಳಿಸಿದ ಸಲಹೆ ಮತ್ತು ಪತ್ರಗಳ ಪ್ರಸ್ತಾಪವಿರುತ್ತದೆ. ಇವೆಲ್ಲವೂ ಆಡಳಿತವನ್ನು ಜನರ ಹತ್ತಿರಕ್ಕೆ ತರುವ ಪ್ರಯತ್ನಗಳೇ. ಆದರೆ ಯಾವ ಪತ್ರವನ್ನು ಓದಬೇಕು, ಯಾವುದನ್ನು ಬದಿಗಿಡಬೇಕು ಎಂಬ ಆಯ್ಕೆ ಎಲ್ಲ ಕಡೆಯೂ ಮಾತಾಡುವವರ ಕೈಯಲ್ಲೇ ಉಳಿಯುತ್ತದೆ. ಮೆಚ್ಚುಗೆಯ ಪತ್ರವನ್ನು ಓದಿ ಕೃತಜ್ಞತೆ ಹೇಳುವುದು ಸೌಜನ್ಯ. ಸಂವಾದ ಆರಂಭವಾಗುವುದು ಒಪ್ಪದವರ ಪತ್ರವನ್ನು ಪೂರ್ತಿಯಾಗಿ ಓದಿ ಅದಕ್ಕೆ ಉತ್ತರ ಕೊಟ್ಟಾಗ.

ಇತ್ತೀಚಿನ ವರ್ಷಗಳಲ್ಲಿ ನಿಮ್ಮಲ್ಲಿ ಹೆಚ್ಚಿನವರಿಗೆ ಸ್ವಂತ ಪಾಡ್‌ಕಾಸ್ಟಿಗಿಂತ ಬೇರೆಯವರ ಪಾಡ್‌ಕಾಸ್ಟಿನ ಅತಿಥಿಪೀಠ ಹಿತವೆನಿಸಿದೆ. 2015ರ ಜೂನ್‌ನಲ್ಲಿ ಅಧಿಕಾರದಲ್ಲಿದ್ದ ಬರಾಕ್ ಒಬಾಮ ಹಾಸ್ಯ ಕಲಾವಿದ ಮಾರ್ಕ್ ಮ್ಯಾರನ್ ಅವರ ಮನೆಯ ಗ್ಯಾರೇಜಿಗೆ ಹೋಗಿ ಪಾಡ್‌ಕಾಸ್ಟಿಗೆ ಮಾತಾಡಿದಾಗ ಅದೊಂದು ಹೊಸ ಸಂಗತಿಯಾಗಿತ್ತು. 2024ರ ಅಕ್ಟೋಬರಿನ ಹೊತ್ತಿಗೆ ಅದು ಪ್ರಚಾರದ ಮುಖ್ಯ ಅಂಗವಾಗಿಬಿಟ್ಟಿತ್ತು. ಡೊನಾಲ್ಡ್ ಟ್ರಂಪ್ ಪಾಡ್‌ಕಾಸ್ಟ್ ನಿರೂಪಕ ಜೋ ರೋಗನ್ ಅವರೊಡನೆ ಸುಮಾರು ಮೂರು ಗಂಟೆ ಮಾತಾಡಿದರು, ಕಮಲಾ ಹ್ಯಾರಿಸ್ ‘ಕಾಲ್ ಹರ್ ಡ್ಯಾಡಿ’ ಎಂಬ ಪಾಡ್‌ಕಾಸ್ಟಿಗೆ ಹೋದರು. ದೀರ್ಘ ಮಾತುಕತೆಯಲ್ಲಿ ಒಂದು ಒಳ್ಳೆಯ ಗುಣವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅರ್ಧ ನಿಮಿಷದ ಸುದ್ದಿ ತುಣುಕಿನಲ್ಲಿ ಘೋಷಣೆ ಮಾತ್ರ ಹಿಡಿಸುತ್ತದೆ; ಎರಡು ಗಂಟೆ ಕುಳಿತರೆ ಮನುಷ್ಯ ತಾನು ಯಾವುದನ್ನು ಯೋಚಿಸಿದ್ದಾನೆ, ಯಾವುದನ್ನು ಯೋಚಿಸಿಲ್ಲ ಎಂಬುದು ಹೊರಬೀಳುತ್ತದೆ. ಕೇಳುತ್ತಾ ಕೇಳುತ್ತಾ ಒಬ್ಬ ಅಭ್ಯರ್ಥಿಯ ಮೇಲೆ ಗೌರವ ಹುಟ್ಟಿದ ಅನುಭವವೂ, ಇದ್ದ ಗೌರವ ಕರಗಿದ ಅನುಭವವೂ ನನಗಿದೆ.

ಆದರೆ ಆ ಕೋಣೆಯಲ್ಲಿ ಇರುವವರು ಇಬ್ಬರೇ. ನಿರೂಪಕರು ನಿಮ್ಮ ಆತಿಥೇಯರು. ಮುಂದಿನ ವಾರಕ್ಕೆ ನಿಮ್ಮಷ್ಟೇ ದೊಡ್ಡ ಇನ್ನೊಬ್ಬ ಅತಿಥಿ ಅವರಿಗೆ ಬೇಕು. ನೀವು ಹೇಳಿದ ಅಂಕಿ ತಪ್ಪೆಂದು ಅವರಿಗೆ ಅನುಮಾನ ಬಂದರೂ ಮಾತಿನ ಓಟ ಕೆಡಿಸಲು ಮನಸ್ಸಾಗದೆ ಮುಂದೆ ಸಾಗುತ್ತಾರೆ. ಪ್ರಸಾರ ಮಾಧ್ಯಮಗಳಿಗೆ ಹಲವು ದೇಶಗಳು ಹಾಕಿದ ಕಟ್ಟುಪಾಡು ಇಲ್ಲಿಗೆ ಅನ್ವಯಿಸುವುದಿಲ್ಲ. ಅಮೆರಿಕದ 1934ರ ಸಂಪರ್ಕ ಕಾಯಿದೆಯ ಪ್ರಕಾರ ರೇಡಿಯೋ ಅಥವಾ ಟಿವಿ ಕೇಂದ್ರವೊಂದು ಒಬ್ಬ ಅಭ್ಯರ್ಥಿಗೆ ಸಮಯ ಕೊಟ್ಟರೆ, ಸುದ್ದಿ ಕಾರ್ಯಕ್ರಮಗಳಂಥ ಕೆಲವು ವಿನಾಯಿತಿಗಳನ್ನು ಬಿಟ್ಟು, ಎದುರಾಳಿಗೂ ಸಮಾನ ಅವಕಾಶ ಕೊಡಬೇಕು. ಬ್ರಿಟನ್ನಿನ ಪ್ರಸಾರ ನಿಯಮಾವಳಿಯಲ್ಲಿ ಅಸಾಧಾರಣ ಕಾರಣವಿಲ್ಲದೆ ರಾಜಕಾರಣಿಗಳು ಸುದ್ದಿ ಕಾರ್ಯಕ್ರಮದ ವಾಚಕರಾಗಲಿ ಸಂದರ್ಶಕರಾಗಲಿ ಆಗುವಂತಿಲ್ಲ. ಪಾಡ್‌ಕಾಸ್ಟ್ ಈ ಎರಡರ ಹೊರಗೂ ಇದೆ. ಹೊರಗೆ ಇರುವುದರಿಂದಲೇ ಅದಕ್ಕೆ ಸ್ವಾತಂತ್ರ್ಯವಿದೆ, ಆ ಸ್ವಾತಂತ್ರ್ಯವನ್ನು ಕಾನೂನಿನಿಂದ ಕಟ್ಟಿಹಾಕಬೇಕೆಂದು ನಾನು ಕೇಳುವುದಿಲ್ಲ. ಕಾನೂನು ಕೇಳದ ಕಡೆ ನೀವೇ ನಿಮಗೆ ಒಂದು ಶಿಸ್ತನ್ನು ಹಾಕಿಕೊಳ್ಳಿ ಎಂದು ಮಾತ್ರ ಕೇಳುತ್ತೇನೆ. ಪತ್ರಿಕಾಗೋಷ್ಠಿಯನ್ನು ತಪ್ಪಿಸಿಕೊಳ್ಳಲು ಪಾಡ್‌ಕಾಸ್ಟನ್ನು ಬಳಸಬೇಡಿ. ವಿಷಯ ಬಲ್ಲ ವರದಿಗಾರರ ಮುಂದೆ ಕೂರಲು ಒಪ್ಪದ ದಿನ, ಮೆಚ್ಚುಗೆಯ ನಿರೂಪಕರ ಮುಂದೆ ಕೂತು ‘ನಾನು ಜನರೊಡನೆ ನೇರವಾಗಿ ಮಾತಾಡುತ್ತಿದ್ದೇನೆ’ ಎಂದು ಹೇಳಬೇಡಿ. ಅಲ್ಲಿ ನಿಮ್ಮ ಧ್ವನಿ ಜನರನ್ನು ನೇರವಾಗಿ ತಲುಪುತ್ತದೆ ನಿಜ, ಜನರ ಧ್ವನಿ ನಿಮ್ಮನ್ನು ತಲುಪುವುದಿಲ್ಲ.

ಉತ್ತರ ಕೊಡುವುದೆಂದರೆ ಒಪ್ಪಿಕೊಳ್ಳುವುದಲ್ಲ. ನಾನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಇದಕ್ಕೇ. ಪ್ರಶ್ನೆಯನ್ನು ಪ್ರಕಟಿಸಿದರೆ ಮಣಿದಂತೆ, ಉತ್ತರಿಸಿದರೆ ಸಿಕ್ಕಿಬಿದ್ದಂತೆ ಎಂಬ ಭಾವನೆ ಅಲ್ಲಿತ್ತು. ಬ್ರಿಟನ್ನಿನ ಪ್ರಧಾನಿ ಕಚೇರಿ 2006ರ ನವೆಂಬರಿನಲ್ಲಿ ಜಾಲತಾಣದಲ್ಲಿ ಮನವಿಗಳನ್ನು ಸ್ವೀಕರಿಸುವ ಏರ್ಪಾಟು ಮಾಡಿತು. ರಸ್ತೆ ಬಳಕೆಗೆ ದೂರದ ಲೆಕ್ಕದಲ್ಲಿ ಶುಲ್ಕ ವಿಧಿಸುವ ಯೋಜನೆಯನ್ನು ವಿರೋಧಿಸಿದ ಮನವಿಗೆ 17 ಲಕ್ಷಕ್ಕೂ ಹೆಚ್ಚು ಸಹಿಗಳು ಬಂದವು. 2007ರ ಫೆಬ್ರವರಿಯಲ್ಲಿ ಪ್ರಧಾನಿ ಟೋನಿ ಬ್ಲೇರ್ ಸಹಿ ಮಾಡಿದವರಿಗೆ ಇಮೇಲ್ ಮೂಲಕ ಉತ್ತರ ಬರೆದು, ವಾಹನ ದಟ್ಟಣೆಯ ಸಮಸ್ಯೆ ಎಷ್ಟು ದೊಡ್ಡದು, ಸರ್ಕಾರ ಯಾಕೆ ಈ ದಾರಿಯನ್ನು ಪರಿಶೀಲಿಸುತ್ತಿದೆ ಎಂದು ತಮ್ಮ ವಾದವನ್ನು ಮಂಡಿಸಿದರು. ಬಹುಮಂದಿಗೆ ಆ ಉತ್ತರ ಹಿಡಿಸಿರಲಾರದು. ಆದರೂ ಅದು ಉತ್ತರವೇ. ನಾವು ಕೇಳಿದ್ದನ್ನು ಓದಿದ್ದಾರೆ, ಒಪ್ಪಿಲ್ಲ, ಒಪ್ಪದಿರಲು ಕಾರಣ ಹೇಳಿದ್ದಾರೆ ಎಂಬುದು ಗೊತ್ತಾದಾಗ ಮತದಾರನಿಗೆ ಮುಂದಿನ ಹೆಜ್ಜೆ ಯಾವುದೆಂದು ತೀರ್ಮಾನಿಸಲು ಆಧಾರ ಸಿಗುತ್ತದೆ. ಮೌನ ಆ ಆಧಾರವನ್ನೂ ಕೊಡುವುದಿಲ್ಲ.

ಪ್ರತಿಕ್ರಿಯೆಗಳನ್ನು ಅಳಿಸುವ ವಿಷಯಕ್ಕೆ ಬರುತ್ತೇನೆ. ಜನಪ್ರತಿನಿಧಿಗಳ ಪುಟಗಳಿಗೆ, ಅದರಲ್ಲೂ ಮಹಿಳಾ ಪ್ರತಿನಿಧಿಗಳ ಪುಟಗಳಿಗೆ, ಎಂಥ ಹೊಲಸು ಬಂದು ಬೀಳುತ್ತದೆ ಎಂಬುದನ್ನು ನಾನು ದಿನವೂ ಓದಿದವಳು. ಬೆದರಿಕೆ, ಅಶ್ಲೀಲ, ಜಾಹೀರಾತು, ಒಂದೇ ಒಕ್ಕಣೆಯನ್ನು ನೂರು ಹೆಸರಿನಲ್ಲಿ ಅಂಟಿಸುವ ಕೂಲಿ ತಂಡಗಳ ಕೆಲಸ, ಇವನ್ನು ತೆಗೆದುಹಾಕಲೇಬೇಕು. ಹಾಕದಿದ್ದರೆ ಸಭ್ಯವಾಗಿ ಕೇಳುವವರು ಅಲ್ಲಿಗೆ ಬರುವುದನ್ನೇ ಬಿಡುತ್ತಾರೆ. ತಕರಾರಿರುವುದು ಅನಾನುಕೂಲವಾದ ಪ್ರಶ್ನೆಯನ್ನೂ ಅದೇ ಕಸದ ಬುಟ್ಟಿಗೆ ಹಾಕುವುದರ ಬಗ್ಗೆ. ಅಮೆರಿಕದ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಇಂಥದೊಂದು ಪ್ರಕರಣವನ್ನು ತೀರ್ಮಾನಿಸಿತು. ಒಂದು ನಗರದ ಆಡಳಿತಾಧಿಕಾರಿ ತಮ್ಮ ಫೇಸ್‌ಬುಕ್ ಪುಟದಲ್ಲಿ ನಿವಾಸಿಯೊಬ್ಬರ ಟೀಕೆಗಳನ್ನು ಅಳಿಸಿ, ಅವರನ್ನು ನಿರ್ಬಂಧಿಸಿದ್ದರು. ಸರ್ಕಾರದ ಪರವಾಗಿ ಮಾತಾಡುವ ನಿಜವಾದ ಅಧಿಕಾರ ಆ ಅಧಿಕಾರಿಗೆ ಇದ್ದು, ಆ ಅಧಿಕಾರವನ್ನು ಚಲಾಯಿಸುವ ರೀತಿಯಲ್ಲೇ ಅವರು ಬರೆದಿದ್ದರೆ ಮಾತ್ರ ಆ ಅಳಿಸುವಿಕೆ ಸರ್ಕಾರದ ಕೃತ್ಯವಾಗುತ್ತದೆ ಎಂದು ನ್ಯಾಯಾಲಯ ಸರ್ವಾನುಮತದಿಂದ ಹೇಳಿತು. ಖಾಸಗಿ ಪುಟ ಯಾವುದು, ಹುದ್ದೆಯ ಪುಟ ಯಾವುದು ಎಂದು ಬಿಡಿಸಿ ನೋಡುವ ಶ್ರಮ ಅಂಥ ನ್ಯಾಯಾಲಯಕ್ಕೂ ತಪ್ಪಲಿಲ್ಲ. ನೀವು ಮೊದಲ ದಿನವೇ ಪುಟದ ಮೇಲೆ ಒಂದು ಸಾಲು ಬರೆದಿಟ್ಟರೆ ಆ ಗೊಂದಲದ ಬಹುಪಾಲು ತಪ್ಪುತ್ತದೆ.

ಯಾಕೆಂದರೆ ಒಬ್ಬ ಜನಪ್ರತಿನಿಧಿಯಲ್ಲಿ ಮೂವರು ಇರುತ್ತಾರೆ: ಹುದ್ದೆಯಲ್ಲಿರುವವರು, ಪಕ್ಷದ ಸದಸ್ಯರು, ಒಬ್ಬ ಖಾಸಗಿ ವ್ಯಕ್ತಿ. ಬ್ರಿಟನ್ನಿನಲ್ಲಿ ಡೇವಿಡ್ ಮಿಲಿಬ್ಯಾಂಡ್ 2006ರಲ್ಲಿ ಸಚಿವರಾಗಿದ್ದಾಗ ಬ್ಲಾಗ್ ಆರಂಭಿಸಿದರು. ಆ ವರ್ಷವೇ ಅವರ ಖಾತೆ ಬದಲಾಯಿತು, ಬ್ಲಾಗೂ ಅವರ ಜೊತೆ ಹೊಸ ಇಲಾಖೆಗೆ ಹೋಯಿತು. ಹಾಗಾದರೆ ಅದು ಇಲಾಖೆಯದೋ ವ್ಯಕ್ತಿಯದೋ? ಸಾರ್ವಜನಿಕರ ಹಣದಲ್ಲಿ, ಸಾರ್ವಜನಿಕ ನೌಕರರ ಶ್ರಮದಲ್ಲಿ ನಡೆಯುವ ಬ್ಲಾಗ್ ಅಥವಾ ಪಾಡ್‌ಕಾಸ್ಟ್ ಹುದ್ದೆಗೆ ಸೇರಿದ್ದು, ಅದರಲ್ಲಿ ಪಕ್ಷದ ಪ್ರಚಾರ ಸಲ್ಲದು, ಅದರ ದಾಖಲೆ ಮುಂದೆ ಬರುವವರಿಗೂ ಜನರಿಗೂ ಉಳಿಯಬೇಕು. ಸ್ವಂತ ಖರ್ಚಿನಲ್ಲಿ ನಡೆಸಿದರೆ ಸ್ವಂತದ್ದು, ಹಾಗೆಂದು ಹೇಳಿಬಿಡಿ. ಎರಡರ ನಡುವೆ ತೂಗಾಡುವ ಪುಟವೇ ಜನರನ್ನು ಹೆಚ್ಚು ದಾರಿತಪ್ಪಿಸುತ್ತದೆ: ಹೊಗಳಿಕೆ ಬಂದಾಗ ಅದು ಸರ್ಕಾರದ ಪುಟ, ಪ್ರಶ್ನೆ ಬಂದಾಗ ನನ್ನ ಖಾಸಗಿ ಪುಟ.

ನಿಮ್ಮ ಹೆಸರಿನಲ್ಲಿ ಬೇರೆಯವರು ಬರೆಯುವುದನ್ನು ಪೂರ್ತಿ ನಿಲ್ಲಿಸಿ ಎಂದು ಹೇಳುವ ಧೈರ್ಯ ನನಗಿಲ್ಲ. ಸಾವಿರಾರು ಪತ್ರಗಳು ಬರುವಾಗ ಎಲ್ಲವನ್ನೂ ಒಬ್ಬರೇ ಓದುವುದು ಆಗದ ಕೆಲಸ. ಆದರೆ ಸಿಬ್ಬಂದಿ ಬರೆದದ್ದನ್ನು ಸಿಬ್ಬಂದಿ ಬರೆದದ್ದೆಂದೇ ತೋರಿಸಿ. ‘ಕಚೇರಿಯ ಪರವಾಗಿ’ ಎಂಬ ಎರಡು ಪದ ಸಾಕು, ಓದಿದವರು ಕಡಿಮೆಯೆಂದು ಎಣಿಸುವುದಿಲ್ಲ. ನಾನು ನಿಮ್ಮಂಥವರೊಬ್ಬರ ಹೆಸರಿನಲ್ಲಿ ‘ನಿಮ್ಮ ನೋವು ನನಗೆ ಅರ್ಥವಾಗುತ್ತದೆ’ ಎಂದು ಬರೆದ ದಿನಗಳಲ್ಲಿ, ಆ ನೋವಿನ ಪತ್ರವನ್ನು ಅವರು ಓದಿಯೇ ಇರಲಿಲ್ಲ. ಬರೆದುಕೊಂಡ ತಾಯಿ ಆ ಒಂದು ಸಾಲಿಗೆ ಧನ್ಯವಾದ ಹೇಳಿ ಮತ್ತೊಂದು ಪತ್ರ ಬರೆದಾಗ ನನಗೆ ಆ ಮೇಜಿನ ಮುಂದೆ ಕೂರಲಾಗಲಿಲ್ಲ. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಇಂಥ ಸಾಲುಗಳನ್ನು ಕ್ಷಣದಲ್ಲಿ ನೂರಾರು ಬರೆದು ಕೊಡುತ್ತವೆ. ಪತ್ರಗಳನ್ನು ವಿಷಯವಾರು ಜೋಡಿಸಲು, ಪುನರಾವರ್ತನೆ ಗುರುತಿಸಲು ಅವನ್ನು ಬಳಸಿ, ನನ್ನ ಆಕ್ಷೇಪಣೆಯಿಲ್ಲ. ಮರುಕದ ಮಾತನ್ನು ಮಾತ್ರ ಅವುಗಳಿಂದ ಬರೆಸಬೇಡಿ.

ಪಾಡ್‌ಕಾಸ್ಟಿಗೆ ಸಂಬಂಧಿಸಿ ನನ್ನ ಮುಖ್ಯ ಬೇಡಿಕೆ ಅಕ್ಷರರೂಪದ ಪಠ್ಯದ್ದು. ಪ್ರತಿ ಕಂತಿನ ಜೊತೆಗೆ ಆಡಿದ ಮಾತೆಲ್ಲವೂ ಅಕ್ಷರದಲ್ಲಿ, ಸಮಯದ ಗುರುತಿನೊಡನೆ, ಪ್ರಕಟವಾಗಬೇಕು. ಬ್ಲಾಗಿನ ಒಂದು ಸಾಲನ್ನು ಯಾರು ಬೇಕಾದರೂ ಹುಡುಕಿ ಎತ್ತಿ ಹೇಳಬಹುದು. ಮೂರು ಗಂಟೆಯ ಧ್ವನಿಯ ನಡುವೆ ನೀವು ಕೊಟ್ಟ ಭರವಸೆ ಕಡಲಿಗೆ ಬಿದ್ದ ಉಂಗುರದಂತೆ. ಹುಡುಕಲು ಬಾರದ ಮಾತಿಗೆ ಹೊಣೆ ಹೊರಿಸುವುದು ಕಷ್ಟ. ಮತ್ತೊಂದು ಕಾರಣ ಇನ್ನೂ ಸರಳ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು ಜನರಿಗೆ ಚಿಕಿತ್ಸೆ ಅಥವಾ ನೆರವು ಬೇಕಾಗುವಷ್ಟು ಶ್ರವಣದೋಷವಿದೆ. ಜಾಲತಾಣಗಳು ಎಲ್ಲರ ಬಳಕೆಗೆ ಒದಗಬೇಕೆಂದು ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಧ್ವನಿಮುದ್ರಿಕೆಗೆ ಪಠ್ಯ ಇರಬೇಕೆಂಬುದನ್ನು ತಮ್ಮ ಮೊದಲ ಹಂತದಲ್ಲೇ ಕೇಳುತ್ತವೆ. ಬ್ಲಾಗ್ ಬಿಟ್ಟು ಪಾಡ್‌ಕಾಸ್ಟಿಗೆ ಬಂದ ದಿನ ಕಿವಿ ಕೇಳದ ಮತದಾರರನ್ನು ನೀವು ಹೊರಗೆ ನಿಲ್ಲಿಸಿದ್ದೀರಿ. ಅದು ಉದ್ದೇಶದಿಂದ ಆದದ್ದಲ್ಲ ಎಂದು ನಂಬುತ್ತೇನೆ, ಆದರೆ ಅವರು ಹೊರಗೇ ಇದ್ದಾರೆ.

ಇದು ಆಗದ ಕೆಲಸವಲ್ಲ. ತೈವಾನಿನಲ್ಲಿ 2016ರಲ್ಲಿ ಸಚಿವ ಸಂಪುಟ ಸೇರಿದ ಆಡ್ರಿ ಟಾಂಗ್ ತಮ್ಮ ಸಂದರ್ಶನಗಳನ್ನೂ ತಮ್ಮನ್ನು ಕಾಣಲು ಬಂದವರೊಡನೆ ನಡೆದ ಸಭೆಗಳನ್ನೂ ಅಕ್ಷರಕ್ಕಿಳಿಸಿ, ಭಾಗವಹಿಸಿದವರಿಗೆ ತಿದ್ದಲು ಕೆಲವು ದಿನ ಕಾಲಾವಕಾಶ ಕೊಟ್ಟು, ಬಳಿಕ ಸಾರ್ವಜನಿಕವಾಗಿ ಪ್ರಕಟಿಸುವ ಪದ್ಧತಿಯನ್ನು ಪಾಲಿಸಿದರು. ಲಾಬಿ ಮಾಡಲು ಬಂದವರೂ ತಮ್ಮ ಮಾತನ್ನು ನಾಳೆ ಎಲ್ಲರೂ ಓದುತ್ತಾರೆಂದು ತಿಳಿದೇ ಮಾತಾಡಬೇಕಾಯಿತು. ಒಬ್ಬ ಸಚಿವರಿಗೆ ಸಭೆಗಳನ್ನೇ ಹೀಗೆ ಪ್ರಕಟಿಸಲು ಸಾಧ್ಯವಾಗಿರುವಾಗ, ಜನರಿಗೆ ಕೇಳಿಸಲೆಂದೇ ಮುದ್ರಿಸಿದ ಮಾತಿಗೆ ಪಠ್ಯ ಕೊಡುವುದು ದೊಡ್ಡ ಹೊರೆಯಾಗಬಾರದು.

ಪಠ್ಯದ ಜೊತೆಗೆ ಮೂಲ ಧ್ವನಿಯ ಪೂರ್ಣ ಕಡತವೂ ನಿಮ್ಮದೇ ಜಾಲತಾಣದಲ್ಲಿ ಉಳಿಯಬೇಕು. 2024ರ ಜನವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮತದಾರರಿಗೆ, ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಬೇಡಿ ಎಂದು ಅಧ್ಯಕ್ಷ ಜೋ ಬೈಡನ್ ಅವರ ಧ್ವನಿಯನ್ನು ಹೋಲುವ ಯಾಂತ್ರಿಕ ಕರೆಗಳು ಹೋದವು. ಅದು ಕೃತಕವಾಗಿ ತಯಾರಿಸಿದ ಧ್ವನಿ. ಗಂಟೆಗಟ್ಟಲೆ ಪಾಡ್‌ಕಾಸ್ಟುಗಳಲ್ಲಿ ಮಾತಾಡುವ ನೀವು ಅಂಥ ನಕಲಿಗೆ ಬೇಕಾದ ಮಾದರಿಯನ್ನು ಧಾರಾಳವಾಗಿ ಒದಗಿಸುತ್ತಿದ್ದೀರಿ. ಏನು ಹೇಳಿದಿರಿ, ಏನು ಹೇಳಲಿಲ್ಲ ಎಂದು ಯಾರಾದರೂ ಪರೀಕ್ಷಿಸಲು ಹೋದಾಗ ಒಂದು ನಂಬಲರ್ಹ ಮೂಲ ಸಿಗಬೇಕು. ಹಾಗೆಯೇ, ಒಮ್ಮೆ ಪ್ರಕಟವಾದ ಲೇಖನದಲ್ಲಿ ಅಥವಾ ಕಂತಿನಲ್ಲಿ ತಪ್ಪು ಕಂಡರೆ ಸದ್ದಿಲ್ಲದೆ ಕತ್ತರಿಸಬೇಡಿ. ಯಾವ ದಿನ ಏನನ್ನು ತಿದ್ದಿದಿರೆಂದು ಅಲ್ಲಿಯೇ ಬರೆಯಿರಿ.

ಚುನಾವಣೆ ಮುಗಿದ ಮರುವಾರ ನಿಂತುಹೋಗುವ ಬ್ಲಾಗುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಗೆದ್ದವರಿಗೆ ಪುರಸೊತ್ತಿಲ್ಲ, ಸೋತವರಿಗೆ ಮನಸ್ಸಿಲ್ಲ. ಜಾಲತಾಣದ ವಿಳಾಸದ ಶುಲ್ಕ ಕಟ್ಟದೆ ಬಿಟ್ಟು, ಮತದಾರರು ಬರೆದ ಪ್ರಶ್ನೆಗಳೂ ನೀವು ಕೊಟ್ಟ ಮಾತುಗಳೂ ಒಟ್ಟಿಗೆ ಮಾಯವಾಗುತ್ತವೆ. 2009ರ ಲೋಕಸಭಾ ಚುನಾವಣೆಗೆ ಮುನ್ನ ಪ್ರಧಾನಿ ಅಭ್ಯರ್ಥಿಯಾಗಿ ಬ್ಲಾಗ್ ಆರಂಭಿಸಿದ ಎಲ್.ಕೆ. ಅಡ್ವಾಣಿ ಚುನಾವಣೆಯಲ್ಲಿ ಪಕ್ಷ ಸೋತ ಬಳಿಕವೂ ಅದರಲ್ಲಿ ಬರೆಯುತ್ತಿದ್ದರು. 2019ರ ಏಪ್ರಿಲ್‌ನಲ್ಲಿ, ತಮ್ಮ ಪಕ್ಷ ಭಿನ್ನಾಭಿಪ್ರಾಯ ಇರುವವರನ್ನು ಎಂದೂ ಶತ್ರುಗಳೆಂದು ಎಣಿಸಿರಲಿಲ್ಲ ಎಂದು ಬರೆದದ್ದೂ ಅದೇ ಬ್ಲಾಗಿನಲ್ಲಿ. ಅವರ ರಾಜಕೀಯವನ್ನು ಒಪ್ಪುವವರೂ ಒಪ್ಪದವರೂ ಆ ಬರಹವನ್ನು ಓದಿದರು, ಚರ್ಚಿಸಿದರು. ಪ್ರಚಾರಕ್ಕೆಂದು ತೆರೆದ ಜಾಗ ಪ್ರಚಾರ ಮುಗಿದ ಮೇಲೂ ಉಳಿದಿದ್ದರಿಂದಲೇ ಅದು ಸಾಧ್ಯವಾಯಿತು.

ಸಮಯವಿಲ್ಲ ಎಂದು ನೀವು ಹೇಳುವಿರಿ, ಅದು ಸುಳ್ಳಲ್ಲ. ಸದನ, ಸಮಿತಿ, ಪಕ್ಷ, ಪ್ರವಾಸ, ಮನೆಯ ಮುಂದೆ ನಿಂತ ಜನ, ಇವೆಲ್ಲದರ ನಡುವೆ ನಿಮ್ಮ ದಿನ ಹೇಗೆ ಕಳೆಯುತ್ತದೆಂದು ನಾನು ನೋಡಿದ್ದೇನೆ. ಅದಕ್ಕೇ ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿ ಎಂದು ಕೇಳುತ್ತಿಲ್ಲ. ಕಡಿಮೆ ಮಾತಾಡಿ, ಹೆಚ್ಚು ಉತ್ತರಿಸಿ. ತಿಂಗಳಿಗೆ ನಾಲ್ಕು ಕಂತು ಮಾಡುತ್ತಿದ್ದರೆ ಎರಡೇ ಮಾಡಿ, ಅವುಗಳಲ್ಲಿ ಒಂದನ್ನು ಪೂರ್ತಿಯಾಗಿ ಜನರ ಪ್ರಶ್ನೆಗಳಿಗೆ ಬಿಡಿ. ಪ್ರಶ್ನೆಗಳನ್ನು ನಿಮ್ಮ ಕಚೇರಿ ಆರಿಸಬಾರದು. ಬಂದ ಪ್ರಶ್ನೆಗಳ ಪಟ್ಟಿ ಎಲ್ಲರಿಗೂ ಕಾಣಲಿ, ಹೆಚ್ಚು ಜನ ಉತ್ತರ ಬಯಸಿದ್ದು ಯಾವುದೆಂದು ಓದುಗರೇ ಗುರುತಿಸಲಿ, ಅದರ ಜೊತೆಗೆ ಚೀಟಿ ಎತ್ತಿ ಬಂದ ಒಂದೆರಡು ಪ್ರಶ್ನೆಗಳೂ ಇರಲಿ, ಇಲ್ಲವಾದರೆ ಸಂಘಟಿತರ ಪ್ರಶ್ನೆಗಳೇ ಮೇಲೆ ಬರುತ್ತವೆ. ನಿಮ್ಮ ಸ್ವಂತ ಪಾಡ್‌ಕಾಸ್ಟಿಗೆ ವರ್ಷಕ್ಕೆ ಒಂದೆರಡು ಸಲವಾದರೂ ನಿಮ್ಮನ್ನು ಒಪ್ಪದ ಪತ್ರಕರ್ತರನ್ನು ಕರೆಯಿಸಿ, ಸಂಕಲನ ಮಾಡದೆ ಪ್ರಸಾರ ಮಾಡಿ. ಉತ್ತರ ಗೊತ್ತಿಲ್ಲದಾಗ ಗೊತ್ತಿಲ್ಲವೆನ್ನಿ, ಯಾವ ದಿನ ತಿಳಿಸುವಿರೆಂದು ಹೇಳಿ, ಆ ದಿನ ತಿಳಿಸಿ. ಒಂದು ಪ್ರಶ್ನೆ ನಿಮ್ಮ ಮನಸ್ಸನ್ನು ಬದಲಿಸಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಪ್ರಶ್ನೆ ಕೇಳಿದವರಿಗೆ ಅದಕ್ಕಿಂತ ದೊಡ್ಡ ಗೌರವವಿಲ್ಲ, ನಿಮಗೂ ಅದರಿಂದ ಕುಂದಿಲ್ಲ. ನಮ್ಮ ಬ್ಲಾಗಿನಲ್ಲಿ ಆ ಮಹಿಳೆ ಕೇಳಿದ್ದೂ ಇಷ್ಟನ್ನೇ. ಮಸೂದೆಯ ಬಗ್ಗೆ ನಮ್ಮ ಪ್ರತಿನಿಧಿಗಳು ಮನಸ್ಸು ಬದಲಿಸಿದ್ದಕ್ಕೆ ಒಳ್ಳೆಯ ಕಾರಣಗಳೇ ಇದ್ದವು, ಸಮಿತಿಯಲ್ಲಿ ಎರಡು ಮುಖ್ಯ ತಿದ್ದುಪಡಿಗಳಾಗಿದ್ದವು. ಮೂರು ವಾಕ್ಯಗಳಲ್ಲಿ ಹೇಳಬಹುದಾಗಿತ್ತು.

ಈ ಪತ್ರ ಓದಿದ ವಾರವೇ ನಿಮ್ಮ ಬ್ಲಾಗಿನ ನಿರ್ವಹಣೆ ಮಾಡುವವರನ್ನು ಹತ್ತಿರ ಕೂರಿಸಿಕೊಂಡು ಅನುಮೋದನೆಯ ಸರದಿಯನ್ನು ತೆರೆಸಿ. ಬೆದರಿಕೆ, ಬೈಗುಳ, ಜಾಹೀರಾತುಗಳನ್ನು ಬದಿಗೆ ಸರಿಸಿ, ಉಳಿದವುಗಳಲ್ಲಿ ಎಲ್ಲಕ್ಕಿಂತ ಹಳೆಯ ಪ್ರಶ್ನೆ ಯಾವ ದಿನಾಂಕದ್ದೆಂದು ನೋಡಿ. ಅದನ್ನು ಕೇಳಿದವರ ಹೆಸರನ್ನು ಓದಿ. ಮುಂದಿನ ಕಂತನ್ನು ಆ ಪ್ರಶ್ನೆಯಿಂದ ಆರಂಭಿಸಿ, ಇಷ್ಟು ದಿನ ಯಾಕೆ ತಡವಾಯಿತೆಂಬುದನ್ನೂ ಸೇರಿಸಿ ಉತ್ತರ ಕೊಡಿ.

ಗೌರವಪೂರ್ವಕವಾಗಿ,
ಒಬ್ಬ ಮತದಾರಳು